ಬಾಗಿಲ ಚೌಕಟ್ಟಿನ ಗಂಟು

ಮನೆಯೊಳಗಿನ ಅವ್ಯವಸ್ಥೆಗೆ ಹೆದರದ ನಾನು ಬಾಗಿಲಿನ ಅವ್ಯವಸ್ಥೆಗೆ ಹೆದರುತ್ತೇನೆ. ಒಗೆದ ಬಟ್ಟೆಯ ಗುಡ್ಡೆ ಸೋಫಾದ ಮೇಲೆ ವಾರವಿಡೀ ಕೂತಿದ್ದರೂ ಅದು ನಮ್ಮ ನಮ್ಮಲ್ಲೇ ಇರುವ ವಿಷಯ. ಹೊಸ್ತಿಲು ಹಾಗಲ್ಲ, ಅದು ಊರಿಗೆಲ್ಲ ಕಾಣುವಂಥದ್ದು. ಮೈಸೂರಿನಲ್ಲಿ ನಮ್ಮಮ್ಮ ಯಾರ ಮನೆಗೆ ಹೋದರೂ ಮೊದಲು ಹೊಸ್ತಿಲು ನೋಡಿ, ಆಮೇಲೆ ಮನೆಯಾಕೆಯ ಮುಖ ನೋಡುತ್ತಿದ್ದಳು. ತೀರ್ಪು ವಾಪಸ್ಸು ಬರುವಾಗ ಸಿಟಿ ಬಸ್ಸಿನಲ್ಲಿ ಹೊರಬೀಳುತ್ತಿತ್ತು. ಅಮ್ಮ ಈಗಿಲ್ಲ. ನಾನು ಡಬ್ಲಿನ್ನಿಗೆ ಬಂದು ವರ್ಷಗಳಾದುವು. ಆದರೂ ಆ ಕೋರ್ಟು ನನ್ನ ತಲೆಯೊಳಗೆ ರಜೆಯಿಲ್ಲದೆ ನಡೆಯುತ್ತಿದೆ.

ನಾವಿರುವುದು ಪೋರ್ಟೊಬೆಲ್ಲೊದಲ್ಲಿ, ಕಾಲುವೆಯ ಹತ್ತಿರ, ಕೆಂಪಿಟ್ಟಿಗೆಯ ಸಾಲುಮನೆಗಳ ಬೀದಿಯಲ್ಲಿ. ಬಾಗಿಲು ತೆರೆದರೆ ನೇರ ಫುಟ್‌ಪಾತು. ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ. ಆದರೆ ಬಲಗಡೆಯ ಚೌಕಟ್ಟಿನಲ್ಲಿ, ಭುಜದ ಎತ್ತರಕ್ಕೆ, ಬಣ್ಣದ ಮೇಲೆ ಬಣ್ಣ ಮೆತ್ತಿಸಿಕೊಂಡ ಬೆರಳುದ್ದದ ಗಂಟೊಂದು ಓರೆಯಾಗಿ ಕೂತಿತ್ತು. ಅದರ ನೆತ್ತಿಯಲ್ಲಿ ಯಾರೋ ಹೊಡೆದಿದ್ದ ಮೊಳೆಯ ತಲೆ. ನನ್ನ ಪ್ಲಾಸ್ಟಿಕ್ ಮಾವಿನೆಲೆ ತೋರಣದ ದಾರವನ್ನು ಎಳೆದು ತಂದು ಅದಕ್ಕೇ ಸುತ್ತಿದ್ದೆ. ಇನ್ನೊಂದು ತುದಿ ಸೆಲ್ಲೋಟೇಪನ್ನು ನಂಬಿಕೊಂಡಿತ್ತು. ಐರ್ಲೆಂಡಿನ ಗಾಳಿ ಸೆಲ್ಲೋಟೇಪಿಗೆ ಬಗ್ಗುವಂಥದ್ದಲ್ಲ, ಹಾಗಾಗಿ ತೋರಣ ಆಗಾಗ ಆ ಗಂಟೊಂದನ್ನೇ ಹಿಡಿದು ಜೋತಾಡುತ್ತಿತ್ತು.

ಭಾನುವಾರ ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ ಒಂದಷ್ಟು ಜನ ಬಂದು ನಮ್ಮ ಬಾಗಿಲ ಮುಂದೆ ನಿಲ್ಲುತ್ತಿದ್ದರು. ಯಹೂದಿಗಳು ಹಿಂದೆ ನೆಲೆಸಿದ್ದ ಬೀದಿಗಳನ್ನು ನಡೆಸಿಕೊಂಡು ಹೋಗಿ ತೋರಿಸುವ ತಂಡ ಅದು. ಟೋಪಿ ಹಾಕಿದ ಹಿರಿಯರೊಬ್ಬರು ಕೊಡೆಯ ತುದಿಯಿಂದ ನಮ್ಮ ಚೌಕಟ್ಟನ್ನು ತೋರಿಸುವರು, ಉಳಿದವರು ಕುತ್ತಿಗೆ ಚಾಚುವರು. ನೈಟಿಯಲ್ಲಿದ್ದ ನಾನು ಪರದೆಯ ಸಂದಿಯಿಂದ ಅವರನ್ನು ನೋಡುವೆ. ಹಳೆಯ ಬೇಕರಿ, ಹಳೆಯ ಪ್ರಾರ್ಥನಾ ಮಂದಿರ ತೋರಿಸಿದರೆ ಸರಿ, ನಮ್ಮ ಬಾಗಿಲಲ್ಲಿ ಏನಿದೆ? ಆ ಗಂಟು. ಬಣ್ಣ ಬಳಿಯುವವರು ಎಷ್ಟು ಸೋಮಾರಿಗಳಾಗಬಹುದು ಎಂಬುದಕ್ಕೆ ಅದನ್ನು ಉದಾಹರಣೆ ಕೊಡುತ್ತಿದ್ದಾರೆಂದು ನಾನು ತೀರ್ಮಾನಿಸಿದೆ. ಕೆರೆದು ಹಾಕಿ ಎಂದು ನಮ್ಮವರಿಗೆ ಹೇಳಿದೆ. ನಾಳೆ ಮಾಡ್ತೀನಿ ಅಂದರು. ಅವರ ನಾಳೆಗಳ ಪರಿಚಯವಿದ್ದ ನಾನು ಮನೆಯೊಡತಿಗೆ ಮೆಸೇಜಿನ ಮೇಲೆ ಮೆಸೇಜು ಹಾಕಿ ಪೇಂಟರನ್ನು ಗೊತ್ತು ಮಾಡಿಸಿದೆ. ಅವನಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ.

ಬಣ್ಣ ಕೆರೆದ ಧೂಳು ನನಗಾಗದು. ಉಪ್ಪಿಟ್ಟು ಮಾಡಿಟ್ಟು, ಮನೆಯನ್ನು ನಮ್ಮವರಿಗೆ ವಹಿಸಿ, ಹೊತ್ತು ಕಳೆಯಲು ಅದೇ ತಂಡಕ್ಕೆ ಟಿಕೆಟು ತೆಗೆದುಕೊಂಡೆ. ಬಾಗಿಲು ನುಣ್ಣಗಾಗಿರುವುದನ್ನು ಆ ಹಿರಿಯರು ನೋಡುವಾಗ ಪಕ್ಕದಲ್ಲೇ ಇರಬೇಕೆಂಬ ಸಣ್ಣ ಆಸೆಯೂ ಇತ್ತು.

ಮೊದಲ ಬೀದಿಯಲ್ಲೇ ಅವರು ಒಂದು ಚೌಕಟ್ಟಿನ ಮುಂದೆ ನಿಂತರು. ಅಲ್ಲಿದ್ದದ್ದು ಓರೆಯಾದ ಗುರುತು, ಎರಡು ಮೊಳೆತೂತು, ಅಷ್ಟೆ. ಇಲ್ಲಿ ಮೆಜೂಜಾ ಇತ್ತು ಎಂದರು. ದೇವರ ಮಾತು ಬರೆದ ಸುರುಳಿಯನ್ನು ಪುಟ್ಟ ಕರಡಿಗೆಯಲ್ಲಿಟ್ಟು ಬಾಗಿಲ ಬಲಕ್ಕೆ ಹೊಡೆಯುವರಂತೆ. ಹೋಗುವಾಗ ಬರುವಾಗ ಮುಟ್ಟಿ, ಆ ಬೆರಳಿಗೆ ಮುತ್ತಿಡುವರಂತೆ. ಅವರ ಅಜ್ಜಿ ಚಿಕ್ಕವಳಿದ್ದಾಗ ಎಟುಕದೆ, ಯಾರಾದರೂ ಎತ್ತಿ ಹಿಡಿಯಬೇಕಿತ್ತಂತೆ. ಮನೆ ಬಿಡುವಾಗ ಹೆಚ್ಚಿನವರು ಕಿತ್ತುಕೊಂಡು ಹೋದರು. "ಕರಡಿಗೆಯೇ ಉಳಿದಿರೋದು ನಾನು ಕಂಡ ಹಾಗೆ ಒಂದೇ ಮನೆಯಲ್ಲಿ. ಕೊನೆಗೆ ಅಲ್ಲಿಗೇ ಹೋಗೋಣ" ಎಂದು ಕಾಲುವೆಯ ಕಡೆಗೆ ಕೊಡೆ ತೋರಿಸಿದರು.

ನಾನು ಗುಂಪಿನಿಂದ ಹಿಂದೆ ಸರಿದು ಫೋನು ಮಾಡಿದೆ.

"ರೀ, ಪೇಂಟರ್ ಬಂದ್ನಾ?"

"ಬಂದು ಎಷ್ಟ್ ಹೊತ್ತಾಯ್ತು."

"ಗಂಟು ಕೆರೆದ್ನಾ?"

"ಬಂದೋರನ್ನ ಬರೀ ಹೊಟ್ಟೇಲಿ ಕೆಲಸಕ್ಕೆ ಹಚ್ತಾರೇನೆ? ಉಪ್ಪಿಟ್ಟು ತಿಂತಿದಾನೆ. ಎರಡನೇ ಸಲ ಹಾಕಿಸ್ಕೊಂಡ."

"ಮೂರನೇ ಸಲಾನೂ ಹಾಕಿ. ಗಂಟು ಮಾತ್ರ ಮುಟ್ಟಬಾರ್ದು."

"ಕೆರೀಬೇಕು ಅಂತ ತಲೆ ತಿಂದೋಳು ನೀನೇ ಅಲ್ವಾ?"

ನಾನು ಫೋನು ಇಟ್ಟೆ. ಆದರೆ ನಾನು ಹೇಳಿದ್ದನ್ನು ನಮ್ಮವರು ಎಷ್ಟು ನೆನಪಿಡುತ್ತಾರೆಂಬ ಅನುಭವ ನನಗಿದೆ. ಹಿರಿಯರೋ ಬೇಕರಿಯ ಮುಂದೆ ನಿಂತು ಬ್ರೆಡ್ಡಿನ ಹಿಟ್ಟನ್ನು ಜಡೆಯಂತೆ ಹೆಣೆಯುವುದನ್ನು ಗಾಳಿಯಲ್ಲಿ ತೋರಿಸುತ್ತಿದ್ದರು. ಒಂದೊಂದು ಎಳೆಗೂ ನಾನು ಫೋನಿನಲ್ಲಿ ಹೊತ್ತು ನೋಡಿಕೊಂಡೆ.

ಕೊನೆಗೆ ನಮ್ಮ ಬೀದಿಗೆ ತಿರುಗಿದೆವು. ಪೇಂಟರ್ ನನ್ನ ಹೊಸ್ತಿಲ ಮೇಲೆ ತಟ್ಟೆ ಹಿಡಿದು ಕೂತಿದ್ದ, ಪಕ್ಕದಲ್ಲಿ ಕೆರೆಯುವ ಉಳಿ. ಗಂಟು ತೋರಣ ಸಮೇತ ಇದ್ದಲ್ಲೇ ಇತ್ತು. ಉಳಿಯನ್ನು ಕಂಡ ಹಿರಿಯರ ಮುಖ ಬಿಳಿಚಿಕೊಂಡಿತು. ಇದು ನನ್ನ ಮನೆ, ಇದನ್ನು ಯಾರೂ ಮುಟ್ಟುವುದಿಲ್ಲ ಎಂದೆ. ಅವರು ಟೋಪಿ ತೆಗೆದರು.

"ದಾರ ನೀವು ಕಟ್ಟಿದ್ದಾ?"

ತಕ್ಷಣ ಬಿಚ್ಚಿಬಿಡುತ್ತೇನೆ ಎಂದು ಕೈ ಚಾಚಿದೆ.

"ಇರಲಿ ಬಿಡಿ. ಬಾಗಿಲಿಗೆ ಏನಾದರೂ ಕಟ್ಟುವವರು ಈ ಮನೆಗೆ ಮತ್ತೆ ಬಂದಿದ್ದಾರಲ್ಲ, ಅದೇ ಗ್ರ್ಯಾಂಡ್" ಎಂದರು. ಇಲ್ಲಿಯವರು ಚೆನ್ನಾಯಿತು ಅನ್ನುವುದೇ ಹಾಗೆ.

ಪೇಂಟರ್ ಬಾಯಿ ಒರೆಸಿಕೊಂಡು, ಅಲ್ಲ, ನನ್ನನ್ನು ಕರೆಸಿದ್ದೇ... ಎಂದು ಶುರು ಮಾಡಿದ. ನಾನು ಒಳಗೋಡಿ ಬಾಣಲೆ ತಂದು, ಉಳಿದಿದ್ದ ಉಪ್ಪಿಟ್ಟನ್ನೆಲ್ಲ ಅವನ ತಟ್ಟೆಗೆ ಸುರಿದೆ.

ಈಗ ನಮ್ಮವರಿಗೆ ನಲ್ಲಿ ಸೋರುತ್ತಿದೆ ಎಂದರೆ, "ಅದ್ರಲ್ಲೂ ಏನಾದ್ರೂ ಚರಿತ್ರೆ ಇರ್ಬೋದು, ವಿಚಾರಿಸ್ಕೊಂಡು ಬಾ" ಅನ್ನುತ್ತಾರೆ. ಹಿರಿಯರು ಪ್ರತಿ ಭಾನುವಾರ ಬಂದು, ಈ ಮನೆಯಾಕೆ ಇದನ್ನು ಎಷ್ಟು ಜೋಪಾನವಾಗಿ ಕಾಪಾಡಿದ್ದಾರೆ ನೋಡಿ ಎಂದು ಹೊಸಬರಿಗೆ ಹೇಳುತ್ತಾರೆ. ಎಲ್ಲರೂ ಹೊಸ್ತಿಲು ನೋಡಿ, ಆಮೇಲೆ ಮನೆಯಾಕೆಯ ಮುಖಕ್ಕಾಗಿ ಕಿಟಕಿಯ ಕಡೆ ತಿರುಗುತ್ತಾರೆ. ಅಷ್ಟರಲ್ಲಿ ನಾನು ಪರದೆಯನ್ನು ಪೂರ್ತಿ ಮುಚ್ಚಿ, ಒಂದು ಚಮಚ ಸಾಸಿವೆ ಹೆಚ್ಚಿಗೇ ಸಿಡಿಸುತ್ತಿರುತ್ತೇನೆ.