ಬೆನ್ನು ತಿರುಗಿಸಿ ಕೇಳಿದ ಪ್ರಶ್ನೆ

ನಾನು ನಿಂತಿದ್ದುದು ದೊಡ್ಡೇರಿ ಹೋಬಳಿಯ ಒಂದು ಹಳ್ಳಿಯಲ್ಲಿ, ದನಗಳು ನೀರು ಕುಡಿಯುವ ಕಲ್ಲುತೊಟ್ಟಿಯ ಪಕ್ಕದಲ್ಲಿ. ನಾಲ್ಕು ವರ್ಷದ ಹಿಂದೆ, ಯುಗಾದಿ ಕಳೆದ ಮೊದಲ ಭಾನುವಾರ, ಬಿಸಿಲು ಇಳಿಯುವ ಹೊತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಭಾವನ ವಿಷಯದಲ್ಲಿ ಯಾರು ಯಾವ ಕಡೆ ನಿಂತಿದ್ದರು ಎನ್ನುವುದು ಬಹಳ ಮುಖ್ಯ. ಅವರು ಜನರನ್ನು ಬೆನ್ನು ತೋರಿಸಿ ಮಾತಾಡಿಸುತ್ತಿದ್ದ ಮನುಷ್ಯ!

ಅವರು ತೀರಿಕೊಂಡು ತಿಂಗಳಾಯಿತು. ಕಾಲೇಜಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಪ್ರಿನ್ಸಿಪಾಲರು ಹೇಳಿದರು: "ರಣರಂಗದಲ್ಲಿ ಬೆನ್ನು ತೋರಿಸದ ವೀರರ ಚರಿತ್ರೆಯನ್ನು ಮೂವತ್ತು ವರ್ಷ ಪಾಠ ಮಾಡಿದರು. ಕೊನೆಗೆ ಊರೂರಿಗೆ ಹೋಗಿ ತಾವೇ ಬೆನ್ನು ತೋರಿಸಿ ಕೂತರು." ಸಭೆ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಅಲ್ಲಿದ್ದ ಯಾರೂ ಆ ಬೆನ್ನಿನ ಇನ್ನೊಂದು ಕಡೆಯನ್ನು ನೋಡಿದವರಲ್ಲ. ನಾನು ನೋಡಿದ್ದೇನೆ.

ಭಾವ ಎಂದರೆ ನಮ್ಮಕ್ಕನ ಗಂಡ. ಮಧುಗಿರಿಯ ಡಿಗ್ರಿ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ದಿನದ ಕೊನೆಯ ಪೀರಿಯಡ್ಡು ಅವರದ್ದು. ಆ ಹೊತ್ತಿಗೆ ಬೇರೆ ಮೇಷ್ಟ್ರುಗಳ ಪಾಠದಲ್ಲಿ ಹುಡುಗರು ತೂಕಡಿಸಿದರೆ, ಇವರ ಪಾಠದಲ್ಲಿ ಯುದ್ಧಕ್ಕೆ ಹೊರಟವರಂತೆ ಕೂರುತ್ತಿದ್ದರು. ಬೆಲ್ಲು ಹೊಡೆದರೂ ಬಿಡುತ್ತಿರಲಿಲ್ಲ. "ಬೆಲ್ಲು ಹೊಡೆಯೋದು ಪ್ಯೂನ್ ಕೆಲಸ, ಪಾಠ ಮುಗಿಸೋದು ನನ್ನ ಕೆಲಸ" ಎಂದು ಮನೆಗೆ ಬಂದ ನೆಂಟರ ಹತ್ತಿರವೂ ಹೇಳಿಕೊಳ್ಳುತ್ತಿದ್ದರು. ಅವರ ಇಡೀ ಜೀವನದ ಹೆಮ್ಮೆ ಇದ್ದದ್ದು ಆ ಒಂದು ಮಾತಿನಲ್ಲಿ.

ಕಾಲೇಜುಗಳಿಗೆ ದರ್ಜೆ ಕೊಡುವ ತಂಡ ಬರುವುದಿತ್ತು. ಡಿಗ್ರಿ ಮುಗಿಸಿ ಹೋದವರನ್ನು ಕಾಲೇಜು ಹೇಗಿತ್ತು ಎಂದು ಕೇಳಬೇಕು, ಅವರು ಹೇಳಿದಂತೆ ಸುಧಾರಿಸಬೇಕು ಎಂದು ನಿಯಮ. ಆ ಕೆಲಸ ಭಾವನ ತಲೆಗೆ ಬಿತ್ತು. ಮೊದಲು ಎಲ್ಲರಂತೆ ಮೊಬೈಲಿಗೇ ಪ್ರಶ್ನೆ ಕಳಿಸಿದರು. ಸಂಜೆಯೊಳಗೆ ಉತ್ತರಗಳು ಬಂದವು. ಎಲ್ಲವೂ "ಅತ್ಯುತ್ತಮ"! ಪ್ರಿನ್ಸಿಪಾಲರು ಹಿಗ್ಗಿ ಹೀರೇಕಾಯಾಗಿ ಓದುತ್ತಾ ಹೋದವರು ಒಂದು ಕಡೆ ನಿಂತರು.

"ರೀ ಮೇಷ್ಟ್ರೇ, ಕಾಲೇಜಿನ ಈಜುಕೊಳವೂ ಅತ್ಯುತ್ತಮ ಅಂತಿದೆಯಲ್ರೀ. ನಮ್ಮಲ್ಲಿ ಈಜುಕೊಳ ಎಲ್ಲಿದೆ?"

"ನಾನೂ ಅದನ್ನೇ ಹುಡುಕ್ತಾ ಇದೀನಿ ಸಾರ್."

ಆ ಪ್ರಶ್ನೆಯನ್ನು ಬೇಕೆಂದೇ ಸೇರಿಸಿದ್ದು ಭಾವನೇ. ಕೈತೊಳೆಯುವ ನಲ್ಲಿಯಲ್ಲಿ ನೀರು ಬಾರದ ಕಾಲೇಜು ಅದು!

ಅಂದಿನಿಂದ ಭಾವ ಮೊಬೈಲು ಬಿಟ್ಟು ಮನೆಮನೆಗೆ ಹೊರಟರು. ಸ್ಕೂಟರ್ ನನ್ನದು. ಪ್ರೈಮರಿ ಶಾಲೆಯ ಮೇಷ್ಟ್ರಾದ ನನಗೆ ಭಾನುವಾರ ಬಿಡುವು. ಆದರೆ ನಮ್ಮ ಕಡೆ ಮೇಷ್ಟ್ರು ಮನೆ ಬಾಗಿಲಿಗೆ ಬಂದರೆ ಏನಾಗುತ್ತದೆ? ಚಾಪೆ ಹಾಸುತ್ತಾರೆ, ಕಾಫಿ ಕೊಡುತ್ತಾರೆ, ಮುಖ ನೋಡಿ "ಎಲ್ಲಾ ಚೆನ್ನಾಗಿತ್ತು ಸಾ" ಅನ್ನುತ್ತಾರೆ. ಮೂರು ಭಾನುವಾರ ಇದೇ ಆಯಿತು. ನಾಲ್ಕನೆಯದಕ್ಕೆ ಭಾವ ಹೇಳಿದರು, "ಕೆಡಿಸ್ತಿರೋದು ನನ್ನ ಮುಖ ಕಣಯ್ಯ. ಅದನ್ನ ಆ ಕಡೆ ತಿರುಗಿಸಿಬಿಟ್ರೆ?"

ತಿರುಗಿಸಿಯೇಬಿಟ್ಟರು. ಸಿರಾದಲ್ಲಿ ಅಯೂಬ್ ಎಂಬ ಹಳೆಯ ಶಿಷ್ಯನ ಮೊಬೈಲ್ ಅಂಗಡಿಯಲ್ಲಿ ಅವನಿಗೆ ಬೆನ್ನು ಹಾಕಿ, ರಸ್ತೆ ನೋಡುತ್ತಾ ಕೂತರು. "ಈಗ ಹೇಳಪ್ಪ."

"ಸಾರ್, ನೀವು ಹಿಂಗ್ ಅಡ್ಡ ಕೂತ್ರೆ ಗಿರಾಕಿಗಳು ಅಂಗಡಿ ಬಂದ್ ಆಗೈತೆ ಅಂದ್ಕೋತಾರೆ."

"ಬೇಗ ನಿಜ ಹೇಳು, ಎದ್ದು ಹೋಗ್ತೀನಿ."

ಅಯೂಬ್ ಯೋಚಿಸಿದ. "ಪಾಠ ಬಹುತ್ ಅಚ್ಛಾ ಸಾರ್. ಫ್ಯಾನ್ ಮಾತ್ರ ಇರ್ಲಿಲ್ಲ."

"ಕೇಳಿದೆಯಾ!" ಎಂದು ಭಾವ ನನ್ನ ಕಡೆ ನೋಡಿದರು, ನಿಧಿ ಸಿಕ್ಕವರ ಹಾಗೆ. ಮರುವಾರವೇ ಕಾಲೇಜಿಗೆ ಫ್ಯಾನ್ ಬಂತು. ತಂಡದವರು ಕೂರುವ ಕೋಣೆಗೆ!

ಪಾವಗಡದ ಕಡೆ ಸೋಲಾರ್ ಫಲಕ ತೊಳೆಯುವ ಕೆಲಸದಲ್ಲಿದ್ದ ಇನ್ನೊಬ್ಬ ಶಿಷ್ಯನ ಮನೆಗೆ ಹೋದೆವು. ಇವರು ಗೋಡೆಗೆ ಮುಖ ಮಾಡಿ ಕೂತದ್ದನ್ನು ಕಂಡು ಅವನ ತಾಯಿ ಗಾಬರಿಯಾದರು. "ಏಮಯ್ಯಾ, ಸಾರುಕಿ ಕೋಪಮಾ?" ಕೋಪವಲ್ಲ ಎಂದು ಮಗ ಹೇಳಿದರೂ ಆಕೆ ನಂಬಲಿಲ್ಲ. ಕೋಪ ಇಳಿಸಲು ಮುದ್ದೆಯ ಮೇಲೆ ಮುದ್ದೆ ಬಡಿಸಿದರು. ಭಾವ ಗೋಡೆ ನೋಡುತ್ತಲೇ ಉಂಡರು.

ಕೊನೆಗೆ ದೊಡ್ಡೇರಿ ಹೋಬಳಿ. ಸವಿತಾ ಎಂಬ ಶಿಷ್ಯೆ ಅಲ್ಲಿನ ಒಂದು ಹಳ್ಳಿಯ ಹಾಲಿನ ಡೇರಿಯ ಕಾರ್ಯದರ್ಶಿ. ಹುಟ್ಟಿದ್ದೂ ಸೊಸೆಯಾದದ್ದೂ ಅದೇ ಊರಿನಲ್ಲಿ. ಅವಳು ಹೊಸಿಲ ಮೇಲೆ ಕೂತಳು. ಭಾವ ಅಂಗಳದ ಕಲ್ಲಿನ ಮೇಲೆ, ಅವಳಿಗೆ ಬೆನ್ನು ಮಾಡಿ, ನೀರಿನ ತೊಟ್ಟಿಯ ಕಡೆ ಮುಖ ಮಾಡಿ ಕೂತರು. ತೊಟ್ಟಿಯ ಪಕ್ಕ ನಾನು. ಹಾಗಾಗಿ ಅವರ ಮುಖ ನನಗೆ ನೇರವಾಗಿ ಕಾಣುತ್ತಿತ್ತು.

"ನಿಜ ಹೇಳ್ಲಾ ಸಾ? ಬೇಜಾರ್ ಮಾಡ್ಕೋಬಾರ್ದು."

"ಮಾಡ್ಕೊಂಡ್ರೂ ನಿನಗೆ ಕಾಣಲ್ಲ ಕಣಮ್ಮ, ಹೇಳು."

"ಎಲ್ಲಾರ್ಗಿಂತ ನಿಮ್ ಪಾಠವೇ ಚೆಂದ ಸಾ. ಆದ್ರೆ ನಿಮ್ದು ಕೊನೇ ಪೀರಿಯಡ್ಡು. ಬೆಲ್ ಹೊಡೆದ್ರೂ ನೀವು ಬುಡ್ತಿರ್ಲಿಲ್ಲ. ಎದ್ದೋಗಾಕೆ ನಮಗೆ ಧೈರ್ಯ ಇರ್ಲಿಲ್ಲ. ನಮ್ಮೂರ್ ಬಸ್ಸು ಹೊಂಟೋಗದು. ಮುಂದಿನ್ ಬಸ್ಸಾಗೆ ಬಂದು ಕ್ರಾಸಲ್ಲಿ ಇಳಿದು, ಅಲ್ಲಿಂದ ಕತ್ಲಾಗೆ ನಡ್ಕೊಂಡ್ ಬರ್ಬೇಕಿತ್ತು. ನಮ್ಮಣ್ಣ ಇದ್ದ, ಸೈಕಲ್ ತಗೊಂಡು ನನ್ನ ಕರ್ಕೊಂಡ್ ಬರೋನು. ಗಿರಿಜಂಗೆ ಯಾರೂ ಇರ್ಲಿಲ್ಲ. ಅವ್ರಪ್ಪ ನೋಡ್ದ, ನೋಡ್ದ, ಎರಡ್ನೇ ವರ್ಷಕ್ಕೆ ಸಾಕು ಅಂದ್ಬುಟ್ಟ."

"ಗಿರಿಜ..." ಭಾವ ಕೈಯಲ್ಲಿದ್ದ ಪಟ್ಟಿ ತಿರುವಿದರು. "ಆ ಹೆಸರು ಇದರಲ್ಲಿ ಇಲ್ಲವಲ್ಲಮ್ಮ."

"ಹೆಂಗಿರ್ತದೆ ಸಾ? ನೀವು ಮುಗ್ಸಿದೋರ್ನ ತಾನೇ ಕೇಳ್ಕಂಡ್ ಬರ್ತಿರೋದು?"

ನಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಅವರ ಬಾಯಿ ಸ್ವಲ್ಪ ತೆರೆಯಿತು. ಹುಡುಗರು ಪ್ರಶ್ನೆ ಕೇಳಿದಾಗ ತಕ್ಷಣ ಉತ್ತರ ಬರುವ ಬಾಯಿ ಅದು. ಮುಚ್ಚಿಕೊಂಡಿತು. ಕಣ್ಣು ತೊಟ್ಟಿಯ ನೀರಿನ ಮೇಲೆ ಇತ್ತು. ಗದ್ದ ಅದುರುತ್ತಿತ್ತು. ಅದೇ ಹೊತ್ತಿಗೆ ಸವಿತಾಳ ಅತ್ತೆ ನಿಂಗಮ್ಮ ಕಾಫಿ ತಂದವರು ಅವರೆದುರಿಗೆ ಬಂದು ನಿಂತರು. ಮುಖ ನೋಡಿದರು. ಲೋಟವನ್ನು ಸದ್ದಾಗದಂತೆ ಕಲ್ಲಿನ ಮೇಲಿಟ್ಟು, "ಸಾಕು ಬುಡವ್ವಾ" ಎಂದು ಸೊಸೆಗೆ ಮೆಲ್ಲಗೆ ಹೇಳಿದರು. ಹಿಂದೆ ಕೂತಿದ್ದ ಸವಿತಾಳಿಗೆ ಯಾಕೆಂದು ತಿಳಿಯಲಿಲ್ಲ. ಅವಳಿಗೆ ಬೆನ್ನು ಮಾತ್ರ ಕಾಣುತ್ತಿತ್ತು, ಆ ಬೆನ್ನು ಎಂದಿನಂತೆ ನೆಟ್ಟಗೇ ಇತ್ತು.

ಭಾವ ಎದ್ದರು. "ಗಿರಿಜನ ಮನೆ ಯಾವುದು?"

ಹಿಂದಿನ ಬೀದಿ. ಗಿರಿಜ ರವಿಕೆ ಹೊಲಿಯುತ್ತಿದ್ದಳು. ಇವರನ್ನು ಕಂಡದ್ದೇ ತರಗತಿಯಲ್ಲಿ ಏಳುವ ಹಾಗೆ ಮಿಷನ್ನು ಬಿಟ್ಟು ಎದ್ದು ನಿಂತಳು. ಭಾವ ಬೆನ್ನು ತಿರುಗಿಸಲಿಲ್ಲ. ಎದುರಿಗೇ ನಿಂತರು.

"ನನ್ನ ಗ್ಯಾಪ್ನ ಐತಾ ಸಾ?"

"ಇಲ್ಲಮ್ಮ," ಎಂದರು ಭಾವ.

ಅವಳು ನಕ್ಕಳು. "ಕೊನೇ ಬೆಂಚು ಸಾ. ಬಸ್ಸು ಕಾಣ್ಲಿ ಅಂತ ಕಿಟಕಿ ಪಕ್ಕ ಕೂರ್ತಿದ್ದೆ."

ಭಾವ ತಲೆಯಾಡಿಸಿದರು. "ಕಾಲೇಜಲ್ಲಿ ಏನು ಸರಿಮಾಡಬೇಕು, ನೀನೇ ಹೇಳು."

"ಬೆಲ್ ಹೊಡೆದ್ರೆ ಬುಟ್ಬುಡಿ ಸಾ. ಅಷ್ಟೇಯ."

ಓದು ಬಿಟ್ಟವರನ್ನೂ ಕೇಳಬೇಕು ಎಂದು ಭಾವ ವರದಿಯಲ್ಲಿ ಬರೆದರು. ಅವರು ಪದವೀಧರರಲ್ಲ ಎಂದು ಪ್ರಿನ್ಸಿಪಾಲರು ಆ ಸಾಲನ್ನು ಹೊಡೆದುಹಾಕಿದರು. ಆದರೆ ಗಿರಿಜನ ಮನೆಗೆ ಹೋಗಿಬಂದ ಮರುದಿನವೇ, ಸೋಮವಾರ ಕೊನೆಯ ಬೆಲ್ಲು ಹೊಡೆದಾಗ, ಭಾವ ಕುದುರೆಯ ಮೇಲೆ ಕೂತಿದ್ದ ಒಬ್ಬ ಪಾಳೇಗಾರನನ್ನು ಕೋಟೆ ಬಾಗಿಲಲ್ಲಿ, ಅರ್ಧ ವಾಕ್ಯದಲ್ಲಿ ಬಿಟ್ಟು ಪುಸ್ತಕ ಮುಚ್ಚಿದರಂತೆ! ಒಬ್ಬರೂ ಏಳಲಿಲ್ಲವಂತೆ. "ಹುಷಾರಿಲ್ವಾ ಸಾ?" ಎಂದು ಒಬ್ಬ ಕೇಳಿದನಂತೆ. "ಬಸ್ಸು ನಿಂತಿದೆ, ಹೋಗ್ರಪ್ಪಾ" ಎಂದು ಹೇಳಿ, ಕೊನೆಯ ಬೆಂಚಿನ ಕಿಟಕಿಯ ಬಳಿ ಹೋಗಿ, ಅದು ಹೊರಡುವ ತನಕ ನೋಡುತ್ತಾ ನಿಂತಿದ್ದರಂತೆ. ನಿವೃತ್ತಿಯಾಗುವವರೆಗೂ ಹಾಗೆಯೇ.

ಇದನ್ನು ಸಭೆಯಲ್ಲಿ ಎದ್ದು ಹೇಳಬೇಕಿತ್ತು, ಆಗಲಿಲ್ಲ, ಇಲ್ಲಿ ಹೇಳಿದ್ದೇನೆ. ನಾನು ಹೇಳಿದ್ದರಲ್ಲಿ ಅನುಮಾನವಿದ್ದವರು ಕೇಳಬಹುದು. ಅಂದು ಆ ಮುಖವನ್ನು ಎದುರಿನಿಂದ ನೋಡಿದ ನಿಂಗಮ್ಮ ಹೋದ ವರ್ಷ ತೀರಿಕೊಂಡರು. ಈಗ ಉಳಿದಿರುವವರು ಇಬ್ಬರೇ. ತೊಟ್ಟಿಯ ಪಕ್ಕ ನಿಂತಿದ್ದ ನಾನು, ಮತ್ತೆ ಅವರು ಬೆನ್ನು ತಿರುಗಿಸದೆ ಮಾತಾಡಿಸಿದ, ಅವರ ಪಟ್ಟಿಯಲ್ಲಿ ಹೆಸರಿಲ್ಲದ ಗಿರಿಜ.