ನಾನು ಒಡೆಯದೇ ಬಿಟ್ಟ ಗೋಡೆಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಅಂತ ತಿರುಗಾಡಿ ಹಳೇ ಕಟ್ಟಡ ರಿಪೇರಿ ಮಾಡುವ ಗೌಂಡಿ ನಾನು. ಹೊಸ ಮನೆ ಕಟ್ಟುವಾಗ ಇಟ್ಟಿಗೆ, ಸಿಮೆಂಟು ಅಷ್ಟೇ. ಹಳೇ ಗೋಡೆಗೆ ಕೈ ಹಚ್ಚಿದರೆ ಮಾತ್ರ ಮಣ್ಣಿಗಿಂತ ಮೊದಲು ಮಾತು ಉದುರುತ್ತದೆ.

೧. ಕಟ್ಟೆಯ ಮೇಲಿನ ಅಜ್ಜ

ಬೈಲಹೊಂಗಲದಲ್ಲಿ ಒಂದು ಹಳೇ ಸರಾಯಿ ಅಂಗಡಿ. ಸರಾಯಿ ಬಂದ್ ಆದಾಗಿನಿಂದ ಕೀಲಿ ಬಿದ್ದಿತ್ತು. ಅದನ್ನು ಕೊಂಡ ಮಾಸ್ತರರು ಟ್ಯೂಷನ್ ಕ್ಲಾಸ್ ಮಾಡಲು ನನ್ನನ್ನು ಕರೆಸಿದರು. ಅಂಗಡಿಯ ಮುಂದಿದ್ದ ಕಲ್ಲಿನ ಕಟ್ಟೆ ಒಡೆಯಬೇಕು. ಅಲ್ಲಿ ಒಬ್ಬ ಅಜ್ಜ ದಿನಾ ಬಂದು ಕೂಡುತ್ತಿದ್ದ.

“ಅಜ್ಜಾ, ಅಂಗಡಿ ಮುಚ್ಚಿ ಭಾಳ ವರ್ಷ ಆತಲ್ಲ?”

“ನಾನೂ ಕುಡಿಯೂದು ಬಿಟ್ಟು ಅಷ್ಟ ವರ್ಷ ಆತಪಾ. ಆದ್ರ ನಾ ಎಲ್ಲಿ ಸಿಗತೇನಿ ಅಂತ ಹೆಂಡ್ತಿಗೆ ಗೊತ್ತಿರಬೇಕಲ್ಲ?”

ಮಧ್ಯಾಹ್ನ ಅಜ್ಜಿಯೇ ಬಂದಳು. ಅಜ್ಜನನ್ನು ಊಟಕ್ಕೆ ಮುಂದೆ ಕಳಿಸಿ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಕಟ್ಟಿ ಒಡೀಬ್ಯಾಡ ತಮ್ಮಾ. ಇಂವಾ ದಿನಪೂರ್ತಿ ಮನ್ಯಾಗ ಕುಂತ್ರ ನಾ ಎಲ್ಲಿಗೆ ಹೋಗ್ಲಿ?”

೨. ತಲೆಬಾಗಿಲು

ಕಿತ್ತೂರಿನ ಒಂದು ವಾಡೆಯ ತಲೆಬಾಗಿಲು ಆಳಿಗಿಂತ ಗಿಡ್ಡ ಇತ್ತು. ಹೆಣ್ಣು ನೋಡಲು ಬೀಗರು ಬರುವವರಿದ್ದರು. ಬಾಗಿಲು ಎತ್ತರ ಮಾಡಿಕೊಡು ಎಂದು ಯಜಮಾನರು ಹೇಳಿದರು. ಎಲ್ಲರೂ ಆಯಿ ಅನ್ನುವ ಅವರ ಮುದಿ ತಾಯಿ ಅಡ್ಡ ನಿಂತಳು. “ನಮ್ಮ ಮನಿಗೆ ಎಲ್ಲಾರೂ ಬಗ್ಗಿ ಬರಬೇಕು.”

ಬೀಗರು ಬಂದರು. ಹುಡುಗನ ತಂದೆ ಆರಡಿ ಆಳು. ಮಾತಾಡುತ್ತಾ ಒಳಗೆ ಕಾಲಿಟ್ಟವರ ಹಣೆ ತೊಲೆಗೆ ಬಡಿದ ಸದ್ದಿಗೆ ಒಳಗಿನ ಹುಡುಗಿಯ ಕೈಯಲ್ಲಿದ್ದ ಚಹಾ ಚೆಲ್ಲಿತು. ಯಜಮಾನರ ಮುಖ ಬೆಳ್ಳಗಾಯಿತು. ಸಂಬಂಧ ಹೋಯಿತು ಅಂತಲೇ ಎಲ್ಲರೂ ತಿಳಿದರು.

ಆಯಿ ಕುಂತಲ್ಲಿಂದಲೇ ಅಂದಳು: “ಬರ್ರಿ ಬೀಗರ, ಕೂಡ್ರಿ. ಎಲ್ಲಾರೂ ಕೈ ಮುಗೀತಾರ. ಹಣಿ ಹಚ್ಚಿ ನಮಸ್ಕಾರ ಮಾಡಿದವ್ರು ನೀವೊಬ್ಬರ ನೋಡ್ರಿ.”

ಬೀಗರು ಹಣೆ ಉಜ್ಜಿಕೊಳ್ಳುತ್ತಾ ನಕ್ಕುಬಿಟ್ಟರು. ಸಂಬಂಧ ಕುದುರಿತು. ನಿಶ್ಚಯದ ಮಾತಿಗೆ ಮತ್ತೆ ಬಂದಾಗ ಮಾತ್ರ ಗಾಡಿಯಿಂದ ಇಳಿದವರು ಹೆಲ್ಮೆಟ್ ತೆಗೆಯಲೇ ಇಲ್ಲ.

೩. ಬೀಳುವ ಗೋಡೆ

ರಾಮದುರ್ಗದ ಪೇಟೆಯಲ್ಲಿ ಕಲ್ಲುಗೋಡೆಯ ಒಂದು ಖಾನಾವಳಿ. ಗಂಡ ತೀರಿದ ಮೇಲೆ, ಪೇಟೆಯವರೆಲ್ಲ ಅವ್ವಾರು ಅನ್ನುವ ಹೆಂಗಸೊಬ್ಬರೇ ನಡೆಸುತ್ತಿದ್ದರು. ಅದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಬೇಕೆಂದು ಅವರ ಮೈದುನನಿಗೆ ಆಸೆ. ಗೋಡೆ ಬೀಳುವಂತಿದೆ ಎಂದು ಪುರಸಭೆಗೆ ಅರ್ಜಿ ಕೊಟ್ಟ. ನಾನು ಸೋರುವ ಮಾಳಿಗೆ ನೋಡಲು ಹೋದ ದಿನವೇ ಪುರಸಭೆಯ ಎಂಜಿನಿಯರ್ ಸಾಹೇಬರೂ ಬಂದರು, ಕೈಯಲ್ಲಿ ತಗಡಿನ ಫಲಕ: ‘ಎಚ್ಚರಿಕೆ! ಈ ಗೋಡೆ ಯಾವಾಗ ಬೇಕಾದರೂ ಬೀಳಬಹುದು.’

ಅವ್ವಾರು ರೊಟ್ಟಿ ಬಡಿಯುವುದು ನಿಲ್ಲಿಸಿದರು. ಉಣ್ಣುತ್ತಿದ್ದವರ ಕೈ ತಾಟಿನಲ್ಲೇ ನಿಂತಿತು.

ಸಾಹೇಬರು ಫಲಕ ಹಚ್ಚಲು ಗೋಡೆಗೆ ಮೊಳೆ ಇಟ್ಟು ಹೊಡೆದರು. ಮೊಳೆ ಬಾಗಿತು. ಇನ್ನೊಂದು, ಅದೂ ಬಾಗಿತು. ಮೂರನೆಯದು ಸಿಡಿದು ಯಾರದೋ ಪಲ್ಯದ ಬಟ್ಟಲಿಗೆ ಬಿತ್ತು. ಸುತ್ತಿಗೆ ನನ್ನ ಕೈಗೆ ಬಂತು. ಖರೆ ಹೇಳುತ್ತೇನೆ, ನಾನೂ ಜೋರಾಗಿಯೇ ಹೊಡೆದೆ. ಸುತ್ತಿಗೆಯ ಹಿಡಿಕೆ ಮುರಿಯಿತು.

ಸಾಹೇಬರು ಬೆವರು ಒರೆಸಿಕೊಂಡು ಕೇಳಿದರು: “ಈಗ ರಿಪೋರ್ಟಿನ್ಯಾಗ ನಾ ಏನಂತ ಬರೀಲಿ?”

“ಮಾಳಿಗಿ ಸೋರತೈತಿ, ಗ್ವಾಡಿ ಗಟ್ಟಿ ಐತಿ ಅಂತ ಇದ್ದದ್ದ ಬರೀರಿ,” ಅಂದರು ಅವ್ವಾರು.

ಹಾಗೆಯೇ ಬರೆದರು. ಆದರೆ ತಗಡು ಹಿಡಿದುಕೊಂಡು ಮತ್ತೆ ತಡವರಿಸಿದರು. “ಫಲಕ ಹಚ್ಚೇ ಬರಬೇಕಂತ ಆರ್ಡರ್ ಐತ್ರಿ, ಅವ್ವಾರ.”

“ಇಟ್ಟು ಹೋಗ್ರಿ ಸಾಹೇಬ್ರ,” ಅಂದರು ಅವ್ವಾರು, ಹೊಸ ರೊಟ್ಟಿ ಹಂಚಿಗೆ ಹಾಕುತ್ತಾ. “ಗ್ವಾಡಿ ಬಿದ್ದ ಮ್ಯಾಲೆ ನಾನ ಹಚ್ಚತೇನಿ.”