ಹೆಸರು ಒಂದು ಕಡೆ, ಗುಣ ಒಂದು ಕಡೆ

ಕಡಲೆ ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಇನ್ನೊಂದ್ಸಲ’ ಎಂದೇ. ಯಾವ ಕಾಗದ ಕೊಟ್ಟರೂ “ಇನ್ನೊಂದ್ಸಲ ನೋಡಿ ಕೊಡ್ತೀನಿ” ಅನ್ನುವವಳು. ಮನೆಗೆ ಬೀಗ ಹಾಕಿ, ಬೀದಿಯ ತಿರುವಿನಿಂದ ವಾಪಸು ಬಂದು ಜಗ್ಗಿ ನೋಡಿ, ಮತ್ತೆ ಅದೇ ತಿರುವಿನಲ್ಲಿ ನಿಂತು, ಜಗ್ಗಿದ್ದು ನಿಜವೇ ಎಂದು ಯೋಚಿಸುವವಳು. ಅಂಥವಳು ಅವತ್ತು ಒಂದೇ ಒಂದು ಸಲ, ಇನ್ನೊಂದು ಸಲ ನೋಡಲಿಲ್ಲ.

ಅವಳ ಕೆಲಸ ಮುನ್ನೂರು ಕಡಲೆ ತಳಿಗಳ ವಂಶವಾಹಿ ವಿವರ ಕಾಯುವುದು. ಕಂಪ್ಯೂಟರಿನಲ್ಲಿ ಒಂದು ಉದ್ದನೆಯ ಪಟ್ಟಿ. ಎಡಗಡೆ ತಳಿಯ ಹೆಸರು, ಬಲಗಡೆ ಅದರ ಗುಣಗಳನ್ನು ಹೇಳುವ ಅಂಕಿಗಳು. ಈ ಪಟ್ಟಿಯನ್ನು ಹೊರದೇಶದ್ದೊಂದೂ ಸೇರಿ ಹನ್ನೊಂದು ಸಂಸ್ಥೆಗಳು ಹಂಚಿಕೊಂಡು ಬಳಸುತ್ತಿದ್ದವು. ಅವಳದು ನಾಲ್ಕು ವರ್ಷದಿಂದ ತಾತ್ಕಾಲಿಕ ನೌಕರಿ. ಕಾಯಂ ಮಾಡುವ ಕಾಗದಕ್ಕೆ ಡೈರೆಕ್ಟರು ಅವತ್ತೇ ಸಂಜೆ ಸಹಿ ಹಾಕುವವರಿದ್ದರು.

ಬೆಳಿಗ್ಗೆಯೇ ಡೈರೆಕ್ಟರು ಬಾಗಿಲಲ್ಲಿ ನಿಂತರು.

“ನೋಡಮ್ಮ, ಆ ಹೊರದೇಶದ ಮೇಡಮ್ ಮತ್ತೆ ಬರೆದಿದಾರೆ. ಪಟ್ಟಿ ಅಕಾರಾದಿಯಾಗಿ ಬೇಕಂತೆ. ಮೂರು ವರ್ಷದಿಂದ ಅವರದು ಒಂದೇ ರಾಗ. ನಮ್ಮ ಪಟ್ಟಿಯಲ್ಲಿ ಗಿಡ್ಡ ಅಂತಿರೋ ಗಿಡ ಅವರ ಹೊಲದಲ್ಲಿ ಎದೆಮಟ್ಟ ಬೆಳೆಯುತ್ತಂತೆ!”

“ಯಾಕೆ ಸರ್ ಹಾಗೆ?”

“ಅವರ ಮಣ್ಣು ಸರಿಯಿಲ್ಲ, ಇನ್ನೇನು? ಲ್ಯಾಬಿನಿಂದ ಬಂದ ಪಟ್ಟಿ ಅಕಾರಾದಿಯಲ್ಲೇ ಇತ್ತು. ಅದನ್ನ ಹೊಲದ ಸಾಲಿಗೆ ತಕ್ಕ ಹಾಗೆ ನಾನೇ ಕೂತು ಹೊಂದಿಸಿದೀನಿ, ಒಂದೇ ಮಧ್ಯಾಹ್ನದಲ್ಲಿ! ಇರಲಿ, ಬೇಗ ಕಳಿಸು. ಯಾವಾಗಿನ ಹಾಗೆ ನನ್ನ ಹೆಸರಲ್ಲೇ ಹೋಗಲಿ.”

ಹೆಸರುಗಳನ್ನು ಅಕಾರಾದಿಗೆ ತರಲು ಅವಳು ಗುಂಡಿ ಒತ್ತಿದಳು. ‘ಪಕ್ಕದ ಅಂಕಿಗಳನ್ನೂ ಜೊತೆಗೇ ಸರಿಸಲೇ?’ ಎಂದು ಕಂಪ್ಯೂಟರು ವಿನಯದಿಂದ ಕೇಳಿತು. ಅಷ್ಟರಲ್ಲಿ ಲ್ಯಾಬಿನ ಅಕ್ಕ ಕಾಫಿ ಲೋಟ ಹಿಡಿದು ಹೆಗಲ ಮೇಲೆ ಬಗ್ಗಿದಳು.

“ಇನ್ನೂ ಇದನ್ನೇ ನೋಡ್ತಾ ಕೂತಿದೀಯೇನೇ? ಒತ್ತೇ ಏನೋ ಒಂದು! ಅದೇನು ನಿನ್ನ ಕಚ್ಚುತ್ತಾ?”

ಅವಳು ಏನೋ ಒಂದು ಒತ್ತಿದಳು. ಪಟ್ಟಿ ಹನ್ನೊಂದು ಕಡೆಗೂ ಹಾರಿತು.

ಅರ್ಧ ಗಂಟೆಯ ನಂತರ ಅಭ್ಯಾಸಬಲದಿಂದ ಪಟ್ಟಿ ತೆರೆದು ನೋಡಿದಳು. ಮೊದಲ ಸಾಲಿನ ಹೆಸರು ಬದಲಾಗಿದೆ, ಮುಂದಿನ ಅಂಕಿಗಳು ಮಾತ್ರ ನಿನ್ನೆಯವೇ. ಎರಡನೆಯ ಸಾಲೂ ಹಾಗೇ. ಮುನ್ನೂರೂ ಹಾಗೇ. ಹೆರಿಗೆ ವಾರ್ಡಿನಲ್ಲಿ ಕೂಸುಗಳೆಲ್ಲ ತಂತಮ್ಮ ತೊಟ್ಟಿಲಲ್ಲೇ ಮಲಗಿದ್ದು, ಕೈಗೆ ಕಟ್ಟಿದ ಹೆಸರಿನ ಚೀಟಿಗಳು ಮಾತ್ರ ಅದಲುಬದಲಾದಂತೆ.

“ಅಕ್ಕಾ, ಕೆಟ್ಟೆ ನಾನು!”

“ಬಾಯಿ ಮುಚ್ಕೋ. ಯಾರೂ ನೋಡಲ್ಲ. ಕಡಲೆ ಏನು ಬಂದು ಸಾಕ್ಷಿ ಹೇಳುತ್ತಾ?” ಎಂದಳು ಅಕ್ಕ.

ಸಮಾಧಾನವಾಗದೆ ಅವಳು ಕಂಪ್ಯೂಟರ್ ರಿಪೇರಿಯವನ ಹತ್ತಿರ ಓಡಿದಳು. ಗೊತ್ತಿಲ್ಲ ಎನ್ನುವ ಮಾತೇ ಅವನಿಗೆ ಗೊತ್ತಿರಲಿಲ್ಲ.

“ಇಷ್ಟೇನಾ? ಕಳಿಸಿದ ಇಮೇಲನ್ನ ವಾಪಸ್ ಎಳ್ಕೋಬಹುದು ಮೇಡಂ. ನೋಡ್ತಿರಿ.”

ಮೇಲ್ ವಾಪಸು ಬರಲಿಲ್ಲ. ಬದಲಿಗೆ ‘ಈ ಪಟ್ಟಿಯನ್ನು ದಯವಿಟ್ಟು ತೆರೆಯಬೇಡಿ’ ಎಂಬ ಸೂಚನೆ ಹನ್ನೊಂದು ಸಂಸ್ಥೆಗಳಿಗೂ ಹೋಯಿತು. ಅಲ್ಲಿಯವರೆಗೆ ತೆರೆದಿದ್ದವರು ಇಬ್ಬರು. ಸೂಚನೆ ಹೋದ ಹತ್ತು ನಿಮಿಷದಲ್ಲಿ ಹನ್ನೊಂದೂ ಮಂದಿ ತೆರೆದರು.

“ಇದನ್ನ ನಾನು ಅಂದ್ಕೊಂಡಿರಲಿಲ್ಲ,” ಎಂದು ರಿಪೇರಿಯವನು ಊಟಕ್ಕೆ ಹೊರಟುಹೋದ.

ಅವಳಿಗೆ ಊಟ ಸೇರಲಿಲ್ಲ. ಡಬ್ಬಿ ತೆರೆದಳು, ಮುಚ್ಚಿದಳು, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಿದಳು. ಬೀಜದ ಉಗ್ರಾಣದ ತಾತ, ಅವಳಿಗೆ ಮಗಳ ಸಲಿಗೆ ಕೊಟ್ಟವನು, ಎದುರು ಬಂದು ಕೂತ.

“ಹೋಗಿ ಹೇಳ್ಬಿಡವ್ವ. ಮುಚ್ಚಿಟ್ಟ ಬೀಜಾನೇ ಹುಳ ಹಿಡಿಯೋದು.”

ಹೇಳಿದಳು. ಡೈರೆಕ್ಟರ ಮುಖ ಹುರಿದ ಕಡಲೆಯ ಹಾಗೆ ಬಿರಿಯಿತು.

“ನನ್ನ ಹೆಸರಲ್ಲಿ! ಮುನ್ನೂರು ತಪ್ಪು! ಈಗಲೇ ನನ್ನ ಹಳೇ ಪಟ್ಟಿ ಕಳಿಸು. ‘ಬೆಳಗಿನದು ನನ್ನ ತಪ್ಪು, ಇದೇ ಸರಿ’ ಅಂತ ಬರೆದು ನಿನ್ನ ಹೆಸರು ಹಾಕು. ದಪ್ಪ ಅಕ್ಷರದಲ್ಲಿ.”

ಅವಳು ಹಳೆಯ ಪಟ್ಟಿ ತೆಗೆದಳು. ಇನ್ನೊಂದ್ಸಲ ನೋಡಿದಳು. ಹನ್ನೊಂದು ವಿಳಾಸಕ್ಕೆ ಹನ್ನೊಂದು ಸಲ ನೋಡಿದಳು. ದಪ್ಪ ಅಕ್ಷರದಲ್ಲಿ ಹೆಸರು ಹಾಕಿ ಕಳಿಸಿ, ಕುರ್ಚಿಗೆ ಒರಗಿ, ಬೆಳಗಿನಿಂದ ಮೊದಲ ಸಲ ಪೂರ್ತಿ ಉಸಿರು ಬಿಟ್ಟಳು.

ಸಂಜೆ ಡೈರೆಕ್ಟರು ತಣ್ಣಗಾಗಿದ್ದರು. ಕಾಯಂ ಕಾಗದವನ್ನು ಎದುರಿಗೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

“ತಪ್ಪು ಯಾರು ಮಾಡಲ್ಲಮ್ಮ? ಒಪ್ಪಿಕೊಂಡೆಯಲ್ಲ, ಅದು ದೊಡ್ಡದು.”

ಅವಳ ಕಣ್ಣು ತುಂಬಿತು. ಪೆನ್ನು ಕಾಗದಕ್ಕೆ ತಾಗಬೇಕು, ಪಕ್ಕದ ಕಂಪ್ಯೂಟರು ಟಿಂಗ್ ಎಂದಿತು. ಹೊರದೇಶದ ಮೇಡಮ್ ಅವರ ಪತ್ರ. ಡೈರೆಕ್ಟರು ಗಟ್ಟಿಯಾಗಿ ಓದತೊಡಗಿದರು.

“‘ಡೈರೆಕ್ಟರೇ, ಅಭಿನಂದನೆ. ನೀವು ಬೆಳಿಗ್ಗೆ ಕಳಿಸಿದ ಪಟ್ಟಿ ನಮ್ಮ ಹೊಲದ ಪ್ರತಿಯೊಂದು ಗಿಡಕ್ಕೂ ತಾಳೆಯಾಯಿತು. ಮೂರು ವರ್ಷದಲ್ಲಿ ಇದೇ ಮೊದಲು. ಆದರೆ ಮಧ್ಯಾಹ್ನ ಯಾರೋ ಒಬ್ಬಾಕೆ ಮತ್ತೆ ಆ ಹಳೆಯ ತಪ್ಪು ಪಟ್ಟಿಯನ್ನೇ...’”

ದನಿ ಇಳಿಯುತ್ತ ಇಳಿಯುತ್ತ ನಿಂತೇ ಹೋಯಿತು.

ಅವಳಿಗೆ ನಿಧಾನವಾಗಿ ಹೊಳೆಯಿತು. ಮೂರು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಹೆಸರುಗಳನ್ನು ಹೊಲದ ಸಾಲಿಗೆ ಹೊಂದಿಸಿದ ಕೈ ಅಂಕಿಗಳನ್ನು ಲ್ಯಾಬಿನ ಅಕಾರಾದಿಯಲ್ಲೇ ಬಿಟ್ಟಿತ್ತು. ಇವತ್ತು ಬೆಳಿಗ್ಗೆ ತನ್ನ ಕೈ, ತನಗೇ ಗೊತ್ತಿಲ್ಲದೆ, ಹೆಸರುಗಳನ್ನು ಅವುಗಳ ಮನೆಗೆ ಮುಟ್ಟಿಸಿತ್ತು. ಮಧ್ಯಾಹ್ನ ಹನ್ನೊಂದು ಸಲ ನೋಡಿ ಮತ್ತೆ ಬೀದಿಗೆ ತಂದವಳೂ ತಾನೇ.

ಹೊಳೆದದ್ದು ಡೈರೆಕ್ಟರಿಗೂ ಹೊಳೆದಿತ್ತು. ಅವರು ಕಿಟಕಿಯ ಕಡೆ ನೋಡುತ್ತ ಕೇಳಿದರು:

“ಬೆಳಗಿನದು ನನ್ನ ಹೆಸರಲ್ಲೇ ಹೋಯ್ತು, ಅಲ್ವೇನಮ್ಮ?”

“ಹೌದು ಸರ್.”

“ಮಧ್ಯಾಹ್ನದ್ದು?”

“ನನ್ನ ಹೆಸರಲ್ಲಿ ಸರ್.” ತಡೆದು ಸೇರಿಸಿದಳು, “ದಪ್ಪ ಅಕ್ಷರದಲ್ಲಿ.”

ಡೈರೆಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಕಾಗದವನ್ನು ಮೆಲ್ಲಗೆ ಮಡಿಸಿ ಡ್ರಾಯರಿನೊಳಗೆ ಇಟ್ಟರು.

“ಬೇಜಾರು ಮಾಡ್ಕೋಬೇಡಮ್ಮ,” ಎಂದರು ಬಹಳ ಮೃದುವಾಗಿ, “ಇದನ್ನ ಮುಂದಿನ ವರ್ಷ ಇನ್ನೊಂದ್ಸಲ ನೋಡೋಣ.”